ಗಾಲಿಗೂ ಕೊಳವೆಗೂ ನಡುವೆ ರೊವೀನಾ

ಬೆಟ್ಟದ ಹಿಂದಿನಿಂದ ಸೂರ್ಯ ಇನ್ನೂ ಬಂದಿಲ್ಲ. ಆಕಾಶದ ಅಂಚು ಮಾತ್ರ ಕೆಂಪಗಾಗಿದೆ. ರೊವೀನಾ ಪ್ರೂಟ್ ತಮ್ಮ ಹಳೆಯ ಪಿಕಪ್ ಗಾಡಿಯ ಹಿಂಬಾಗಿಲು ಇಳಿಸಿ, ಅದರ ಮೇಲೆ ತಗಡಿನ ಬೋಗುಣಿ ಇಟ್ಟುಕೊಂಡು ಮೈದಾಹಿಟ್ಟು ನಾದುತ್ತಿದ್ದಾರೆ. ಹಿಟ್ಟಿಗೆ ಸುರಿದ ಉಪ್ಪು ನೋಡಿದರೆ ಬಾಯಿಗಿಡುವ ಹಾಗಿಲ್ಲ. ನೀರು ಅಷ್ಟಕ್ಕಷ್ಟೆ. ಮುಷ್ಟಿಯಿಂದ ಗುದ್ದುತ್ತಾರೆ, ಮಡಚುತ್ತಾರೆ, ಮತ್ತೆ ಗುದ್ದುತ್ತಾರೆ. ಅರವತ್ತಮೂರರ ಕೈ, ಗೆಣ್ಣುಗಳು ದಪ್ಪಗಾಗಿವೆ, ಉಗುರಿನ ಸಂದಿನ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ.

ಪಕ್ಕದ ಟ್ರೇಲರ್‌ಮನೆಯ ಮುದುಕ ಕಾಫಿ ಬಟ್ಟಲು ಹಿಡಿದು ಆ ದಾರಿಯಲ್ಲೇ ಬರುತ್ತಾನೆ.

"ಏನಮ್ಮಾ ರೋ, ಇವತ್ತು ಬಿಸ್ಕತ್ತು ಯಾರ ಮನೇಲಿ?"

"ಟೈರಿನ ಮನೇಲಿ. ನಿನಗೂ ಬೇಕಾದ್ರೆ ಗಾಡಿ ಕೆಳಗೆ ಬಂದು ಮಲಕ್ಕೋ, ತಿನ್ನಿಸ್ತೀನಿ."

"ಬೇಡ ತಾಯಿ. ನನಗಿರೋದೇ ನಾಲ್ಕು ಹಲ್ಲು."

ಈ ಹಿಟ್ಟು ಆರ್ವೆಲ್ ಕಟ್ಲಿಫ್ ಅವರ ಟ್ರೇಲರಿಗೆ. ಅದು ಮೂರು ಗಾಲಿಯ ಮೇಲೆ, ನಾಲ್ಕನೆಯದರ ಜಾಗದಲ್ಲಿ ಮರದ ದಿಮ್ಮಿ ಕೊಟ್ಟು, ಬಯಲಿನ ತುದಿಯಲ್ಲಿ ವಾಲಿ ನಿಂತಿದೆ. ಕೆಳಗಡೆ ನೋಡಿದರೆ ಹೊಟ್ಟೆ ಬಗೆದ ಹಾಗೆ. ಸಂಡಾಸಿನ ಟ್ಯಾಂಕಿನಿಂದ ಬರುವ ಪೈಪು ಎರಡು ತುಂಡಾಗಿ ಜೋಲುತ್ತಿದೆ. ಅದನ್ನು ತೆರೆದು ಮುಚ್ಚುವ ವಾಲ್ವು ಎಲ್ಲಿ ಹಾರಿತೋ ಗೊತ್ತಿಲ್ಲ. ಮೂರು ವಾರದ ಹಿಂದೆ, ಫೀನಿಕ್ಸಿನ ಆಸ್ಪತ್ರೆಯಿಂದ ಗಂಡಹೆಂಡತಿ ವಾಪಸು ಬರುವಾಗ ಟೈರು ಸಿಡಿದು ಆದ ಕೆಲಸ ಇದು.

ಬೇರೆಯವರಿಗಾದರೆ ಇದು ಒಂದು ರಿಪೇರಿ. ಆರ್ವೆಲರಿಗೆ ಹಾಗಲ್ಲ. ಹೋದ ಶರತ್ಕಾಲದಲ್ಲಿ ಅವರ ಕರುಳಿನ ಒಂದು ಭಾಗ ಕತ್ತರಿಸಿ ತೆಗೆದಿದ್ದಾರೆ. ಜೀವ ಉಳಿಯಿತು; ಆದರೆ ಕರೆ ಬಂದರೆ ತಡೆಯುವ ಶಕ್ತಿ ಉಳಿಯಲಿಲ್ಲ. ಕೂಗಳತೆಯಲ್ಲಿ ಸಂಡಾಸು ಇದ್ದರೆ ಮಾತ್ರ ಅವರು ಎಲ್ಲಿಗಾದರೂ ಹೋಗಬಲ್ಲರು. ಉತ್ತರದಲ್ಲಿ, ಐಡಾಹೋದ ಪಾರ್ಮಾದಲ್ಲಿ, ಅಕ್ಕ ನೆಲ್ಡಾ ಇದ್ದಾರೆ. ಪ್ರತಿ ಏಪ್ರಿಲಿನಲ್ಲಿ ತಮ್ಮ ಹೋಗಿ ಅಕ್ಕನ ಹಿತ್ತಲಿನಲ್ಲಿ ಈರುಳ್ಳಿ ಸಸಿ ನೆಡುವುದು ಅವರಪ್ಪನ ಕಾಲದಿಂದ ನಡೆದು ಬಂದದ್ದು. ಅಕ್ಕನಿಗೆ ಈಗ ಬಗ್ಗಲು ಆಗುವುದಿಲ್ಲ. "ಈ ವರ್ಷ ಬರಬೇಡ ಕಣೋ, ಮಲಕ್ಕೊಂಡಿರು" ಎಂದು ಫೋನಿನಲ್ಲಿ ಹೇಳಿದ್ದಾರೆ. ಅಂದಿನಿಂದ ತಮ್ಮನಿಗೆ ಹೋಗಲೇಬೇಕು ಎನ್ನುವ ಹಟ.

ಹೆಂಡತಿ ಜಾಯ್ಲೀನ್ ಅವರದು ಅದಕ್ಕೆ ಸರಿಸಾಟಿಯಾದ ಹಟ. ಟೈರು ಸಿಡಿದ ದಿನ ಹೆದ್ದಾರಿಯ ಪಕ್ಕ ಗಂಡನಿಗೆ ಮರೆಯಾಗಿ ಹಾಸಿಗೆಯ ಚಾದರ ಹಿಡಿದು ನಿಂತವರು ಅವರು. ಗಾಳಿಗೆ ಚಾದರ ನಿಲ್ಲಲಿಲ್ಲ. ಲಾರಿಯವರು ಹಾರ್ನ್ ಹೊಡೆದುಕೊಂಡು ಹೋದರು.

"ಇನ್ನೊಂದ್ಸಲ ಆ ಚಾದರ ಹಿಡಿಯೋಳಲ್ಲ ನಾನು" ಎಂದು ರೊವೀನಾರಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. "ಟೈರ್ ಸಿಡಿದ್ರೂ ಸಂಡಾಸು ನಿಂತಿರಬೇಕು. ಹಾಗೆ ಮಾಡೋಕ್ಕಾದ್ರೆ ಮಾಡು. ಆಗಲ್ಲ ಅಂದ್ರೆ ಹಳೆ ಟ್ರೇಲರ್ ಕೊಳ್ಳೋ ಪಾರ್ಕರ್ ಊರಿನವನು ಶನಿವಾರ ಬರ್ತಾನೆ, ಟ್ರೇಲರ್ ಎಳ್ಕೊಂಡು ಹೋಗ್ಲಿ. ನಾವು ಊರೊಳಗೆ ಒಂದು ರೂಮ್ ಹಿಡೀತೀವಿ."

ಇವತ್ತು ಬುಧವಾರ.

ಕೊಲೊರಾಡೊ ನದಿಗೆ ಈಚೆಗೆ ನಾವು ಬೀಡುಬಿಟ್ಟಿರುವ ಈ ಕಲ್ಲುಬಯಲಿನಲ್ಲಿ ಚಳಿಗಾಲ ಪೂರ್ತಿ ಜಾತ್ರೆ. ಉತ್ತರದಲ್ಲಿ ಹಿಮ ಬೀಳತೊಡಗಿದರೆ ಸಾಕು, ಪಿಕಪ್ಪಿಗೆ ಮನೆ ಕಟ್ಟಿಕೊಂಡು ಮುದುಕರು ಮುದುಕಿಯರು ಇಲ್ಲಿಗೆ ಇಳಿಯುತ್ತಾರೆ. ಮಾರ್ಚ್ ಕೊನೆಗೆ ಬಿಸಿಲು ಚುರುಗುಟ್ಟಿದಾಗ ಮತ್ತೆ ಹೊರಡುತ್ತಾರೆ. ಕೆಲವರಿಗೆ ಬೇರೆಡೆ ಮನೆಯಿದೆ. ಬಹಳ ಜನಕ್ಕೆ ಈ ಗಾಲಿಯ ಮೇಲಿನದೇ ಮನೆ. ನೀರಿನ ಟ್ಯಾಂಕು, ಅಡುಗೆಮನೆಯ ಕೊಳೆನೀರಿನ ಟ್ಯಾಂಕು, ಸಂಡಾಸಿನ ಟ್ಯಾಂಕು ಎಲ್ಲವೂ ನೆಲದ ಹಲಗೆಯ ಕೆಳಗೆ. ಅವಕ್ಕೆ ಹೋಗಿ ಬರುವ ಪೈಪುಗಳು ಗಾಲಿಗಳ ಬೆನ್ನಿಗೇ ಹಾಯುತ್ತವೆ. ಕಟ್ಟುವ ಕಾರ್ಖಾನೆಯವರು ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಹೊದಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಹಾಳೆ ಧೂಳಿಗೆ ಸರಿ.

ಟ್ರೇಲರಿನ ಟೈರು ಸವೆದು ಸಾಯುವುದು ಅಪರೂಪ. ನಿಂತು ನಿಂತು ಸಾಯುತ್ತದೆ. ಆರು ತಿಂಗಳು ಒಂದೇ ಜಾಗದಲ್ಲಿ ಬಿಸಿಲು ಕಾಯುತ್ತದೆ. ಮೇಲಿನ ಗೆರೆ ಹೊಸದರ ಹಾಗೆ ಆಳವಾಗಿರುತ್ತದೆ, ಒಳಗಿನ ನಾರು ಒಣಗಿರುತ್ತದೆ. ಗೆರೆ ನೋಡಿ "ಇನ್ನೂ ಎರಡು ವರ್ಷ ಬರುತ್ತೆ" ಎನ್ನದ ಮನುಷ್ಯ ಈ ಬಯಲಿನಲ್ಲಿ ಇಲ್ಲ. ಸಿಡಿದಾಗ ಮೇಲಿನ ರಬ್ಬರು ಪಟ್ಟಿಯಾಗಿ ಬಿಚ್ಚಿಕೊಂಡು, ಗಾಲಿ ತಿರುಗಿದಷ್ಟು ಸಲ ಚಾಟಿಯ ಹಾಗೆ ಮೇಲಕ್ಕೆ ಬಾರಿಸುತ್ತದೆ. ಪಕ್ಕದಲ್ಲೇ ಜೋಡಿ ಗಾಲಿ ಇರುವುದರಿಂದ ಮನೆ ವಾಲುವುದಿಲ್ಲ, ಮುಂದೆ ಗಾಡಿ ಓಡಿಸುವವನಿಗೆ ಗೊತ್ತೂ ಆಗುವುದಿಲ್ಲ. ಯಾರಾದರೂ ಪಕ್ಕದಲ್ಲಿ ಬಂದು ಕೈ ಬೀಸಿ ಹೇಳುವಷ್ಟರಲ್ಲಿ ಕೆಳಗಿನದೆಲ್ಲ ರಸ್ತೆಯ ಮೇಲೆ ಚೆಲ್ಲಿರುತ್ತದೆ.

ಆ ಚಾಟಿಗೂ ಆ ಪೈಪಿಗೂ ನಡುವೆ ಏನನ್ನಾದರೂ ನಿಲ್ಲಿಸುವುದು ರೊವೀನಾರ ಕೆಲಸ. ಇದಕ್ಕೊಂದು ಹೆಸರಿಲ್ಲ, ಅಂಗಡಿಯಿಲ್ಲ, ಬೋರ್ಡಿಲ್ಲ. ಹೊರಡುವ ಕಾಲದಲ್ಲಿ ದಿನಕ್ಕೆ ಎರಡು ಟ್ರೇಲರು ಮಾಡುತ್ತಾರೆ. ಮೂರನೆಯದನ್ನು ಒಪ್ಪಿಕೊಂಡ ರಾತ್ರಿ ಬೆನ್ನು ಮಲಗಗೊಡುವುದಿಲ್ಲ. ಎದೆಯ ಮೇಲೆ ಒಂದು ಗೇಣು ಜಾಗವಿರುವ ಕಡೆ ಅಂಗಾತ ಮಲಗಿ, ಹಣೆಗೆ ದೀಪ ಕಟ್ಟಿಕೊಂಡು ಗಂಟೆಗಟ್ಟಲೆ ಇರಬೇಕು. ಕೆಳಗೆ ಕಲ್ಲು, ಕಲ್ಲಿನ ಕೆಳಗೆ ಚೇಳು.

"ಈ ಕೆಲಸದಲ್ಲಿ ಬಾಯಿ ಮುಚ್ಕೊಂಡಿರಬೇಕು" ಎನ್ನುತ್ತಾರೆ ರೊವೀನಾ. "ವಿನಯಕ್ಕಲ್ಲ. ಪೈಪು ಮೂಗಿನ ಮೇಲೇ ಇರುತ್ತೆ, ಯಾವಾಗ ತೊಟ್ಟಿಕ್ಕುತ್ತೆ ಅಂತ ಹೇಳೋಕ್ಕಾಗಲ್ಲ."

ಇವರು ಗ್ಲೋಬ್ ಊರಿನ ಕಡೆಯ ತಾಮ್ರದ ಗಣಿಯ ಮಗಳು. ಅಪ್ಪ ಗಣಿಯೊಳಗೆ, ಅಮ್ಮ ಗಣಿಯ ಊಟದ ಮನೆಯಲ್ಲಿ. ಇವರು ಅದಿರು ಸಾಗಿಸುವ ರಬ್ಬರ್ ಬೆಲ್ಟಿನ ಗುಂಪಿನಲ್ಲಿದ್ದರು. ಬೆಟ್ಟದಿಂದ ಗಿರಣಿಯವರೆಗೆ ಹರಿಯುವ ಆ ಬೆಲ್ಟು ಹೆಬ್ಬೆರಳಿನಷ್ಟು ದಪ್ಪ, ಒಳಗೆ ನೂಲಿನ ಪದರ. ಅದು ಹರಿದಾಗ ಹೊಲಿಯುವುದು, ಅಂಟಿಸುವುದು ಇವರ ಕೆಲಸ. "ಬಂಡೆ ಮೇಲಿಂದ ಬೀಳ್ತಿತ್ತು. ಉಕ್ಕಿನ ತಗಡು ತಗ್ಗು ಬೀಳೋದು, ಬೆಲ್ಟು ಕುಣಿದು ಸುಮ್ಮನಾಗೋದು" ಎಂದು ನೆನೆಸಿಕೊಳ್ಳುತ್ತಾರೆ. ಗಣಿ ಮುಚ್ಚಿತು. ಗಂಡ ಅದಕ್ಕೂ ಮೊದಲೇ ಹೋಗಿದ್ದ. ಮನೆ ಕಂಪನಿಯದು. ಉಳಿದ ಹಣಕ್ಕೆ ಒಂದು ಹಳೆ ಟ್ರೇಲರು ಕೊಂಡು ಪಶ್ಚಿಮಕ್ಕೆ ಹೊರಟರು. ಸಲೋಮಿ ಊರು ದಾಟುವ ಮೊದಲೇ ಟೈರು ಸಿಡಿಯಿತು. ಕುಡಿಯುವ ನೀರಿನ ಪೈಪು ಹೋಯಿತು. ತುಂಬಿದ ಟ್ಯಾಂಕು ಮರಳಿಗೆ ಇಳಿದು ಮುಗಿಯುವವರೆಗೆ ಪಕ್ಕದಲ್ಲಿ ನಿಂತು ನೋಡಿದರು. ಹಿಡಿಯಲು ಒಂದು ಬಕೆಟ್ ಕೂಡ ಇರಲಿಲ್ಲ.

"ಅಳು ಬರ್ಲಿಲ್ಲ. ಸಿಟ್ಟು ಬಂತು. ಇದನ್ನ ಕಟ್ಟಿದವನು ಒಂದಿನ ಆದ್ರೂ ಇದರ ಕೆಳಗೆ ಮಲಗಿದ್ನಾ ಅಂತ."

ಮುಂದಿನ ತಿಂಗಳು ಗಣಿಯ ಕಸದ ರಾಶಿಯಿಂದ ಬಿಸಾಡಿದ ಬೆಲ್ಟಿನ ಸುರುಳಿಯೊಂದನ್ನು ತಂದು ತಮ್ಮದೇ ಗಾಲಿಯ ಹಿಂದೆ ಪರದೆಯ ಹಾಗೆ ನೇತುಹಾಕಿದರು. ಪಕ್ಕದವರು ನೋಡಿ ನಕ್ಕರು. ಅದರ ಪಕ್ಕದವರು ನಮಗೂ ಒಂದು ಹಾಕಿಕೊಡು ಎಂದರು. ಹನ್ನೆರಡು ಚಳಿಗಾಲ ಕಳೆದಿದೆ.

ಬಿಸಿಲು ಏರುವ ಹೊತ್ತಿಗೆ ರೊವೀನಾ ಆರ್ವೆಲರ ಟ್ರೇಲರಿನ ಕೆಳಗಿದ್ದಾರೆ. ಹೊರಗೆ ಬೂಟು ಮಾತ್ರ ಕಾಣುತ್ತದೆ. ಆರ್ವೆಲ್ ಮಡಚುವ ಕುರ್ಚಿಯಲ್ಲಿ ಬೂಟಿನ ಎದುರಿಗೆ ಕೂತಿದ್ದಾರೆ. ಮಾರು ದೂರದಲ್ಲಿ ಬಯಲಿನವರೆಲ್ಲ ಸೇರಿ ತಂದುಕೊಟ್ಟ ಪ್ಲಾಸ್ಟಿಕ್ ಸಂಡಾಸಿನ ಡಬ್ಬ ನಿಂತಿದೆ.

ಆರ್ವೆಲ್ ಜೀವನವೆಲ್ಲ ರೈಲು ಯಾರ್ಡಿನಲ್ಲಿ ಕಂಬಿ ಬೆಸೆದವರು. ಟೈರು ಸಿಡಿದು ಪೈಪು ಹೋಗುವ ಕಥೆ ಕೇಳಿ ಕೇಳಿ, ಹೋದ ಬೇಸಿಗೆಯಲ್ಲೇ ತಾವೇ ದಪ್ಪ ಉಕ್ಕಿನ ತಟ್ಟೆ ಕತ್ತರಿಸಿ ಗಾಲಿಗಳ ಮೇಲೆ, ಟ್ರೇಲರಿನ ಅಡಿಗಟ್ಟಾದ ಚಾಸಿಗೆ ಬೆಸೆದಿದ್ದರು. ಇಷ್ಟೆಲ್ಲ ಕಾಪು ಕಟ್ಟಿಯೂ ಹೀಗಾಯಿತಲ್ಲ ಎನ್ನುವುದು ಅವರ ಸಂಕಟ.

"ಟೈರ್ ಕಂಪನಿಯವನ ತಪ್ಪು" ಎನ್ನುತ್ತಾರೆ ಬೂಟಿಗೆ. "ಹೊಸ ಟೈರ್. ಒಂದು ವರ್ಷ ಆಗಿಲ್ಲ."

ಬೂಟು ಒಂದಿಷ್ಟು ಒಳಕ್ಕೆ ಸರಿಯುತ್ತದೆ. ಒಳಗಿನಿಂದ ಮಾತು ಬರುತ್ತದೆ.

"ಆರ್ವೆಲ್, ನಿನ್ನ ತಟ್ಟೆಗೆ ತುಕ್ಕು ಹಿಡಿದಿದೆ."

"ಹಿಡಿದ್ರೆ ಹಿಡೀಲಿ. ಉಕ್ಕು ತಾನೆ."

"ಎಲ್ಲಾ ಕಡೆ ಹಿಡಿದಿದೆ. ಅಂಚಲ್ಲಿ ಒಂದು ಗೇಣು ಮಾತ್ರ ಹಿಡಿದಿಲ್ಲ. ಅಲ್ಲಿ ಬೆಳ್ಳಿ ಚಮಚದ ಹಾಗೆ ಹೊಳೀತಾ ಇದೆ."

"ಏನರ್ಥ ಅದಕ್ಕೆ?"

"ಯಾರೋ ದಿನಾ ಉಜ್ಜಿದಾರೆ ಅಂತ."

ಆರ್ವೆಲರಿಗೆ ಅರ್ಥವಾಗುತ್ತದೆ. ಒಪ್ಪುವುದು ಬೇರೆ. ತಟ್ಟೆ ಹಾಕುವಾಗ ಟೈರಿಗೂ ಅದಕ್ಕೂ ನಡುವೆ ಕೈ ಹೋಗುವಷ್ಟು ಜಾಗ ಬಿಟ್ಟಿದ್ದೆ ಎನ್ನುತ್ತಾರೆ. ಅಳೆದಿದ್ದೆ ಎನ್ನುತ್ತಾರೆ. ನಿಂತಾಗ ಜಾಗ ಇತ್ತು, ನಿಜ. ಎಲ್ಲರೂ ಅಳೆಯುವುದು ನಿಂತಾಗಲೇ, ಟ್ಯಾಂಕು ಖಾಲಿ ಇರುವಾಗಲೇ.

ರೊವೀನಾ ವಾದಿಸುವುದಿಲ್ಲ. ಹಿಟ್ಟಿನ ಬೋಗುಣಿ ಎಳೆದುಕೊಂಡು, ಸಿಡಿಯದೆ ಉಳಿದ ಇನ್ನೊಂದು ಪಕ್ಕದ ಗಾಲಿಗಳ ಮೇಲೆ, ತಟ್ಟೆಯ ಅಡಿಗೆ, ಉಂಡೆಗಳನ್ನು ಒತ್ತಿ ಕೂರಿಸುತ್ತಾರೆ. ದಿಮ್ಮಿ ತೆಗೆದು ಬದಲಿ ಗಾಲಿ ಹಾಕುತ್ತಾರೆ. ನೀರಿನ ಟ್ಯಾಂಕು ತುಂಬಿಸುತ್ತಾರೆ. ಆಮೇಲೆ ಜಾಯ್ಲೀನರಿಗೆ, "ನಡಿ, ಹಳ್ಳದ ತನಕ ಹೋಗಿ ಬಾ. ಮೆತ್ತಗೆ ಬೇಡ, ಸಿಟ್ಟು ಬಂದಾಗ ಹೆಂಗೆ ಓಡಿಸ್ತೀಯೋ ಹಂಗೆ" ಎನ್ನುತ್ತಾರೆ.

"ಹಂಗಾದ್ರೆ ಇವತ್ತು ಓಡಿಸೋದೇ ಸರಿ" ಎಂದು ಜಾಯ್ಲೀನ್ ಗಾಡಿ ಹತ್ತುತ್ತಾರೆ.

ಬಯಲಿನಾಚೆ ಒಣಹಳ್ಳವಿದೆ. ದಾರಿ ಅದರೊಳಗೆ ಧುಮುಕಿ ಮೇಲೇಳುತ್ತದೆ. ಟ್ರೇಲರು ಧೂಳೆಬ್ಬಿಸಿಕೊಂಡು ಇಳಿದದ್ದು, ಒಮ್ಮೆ ಕುಪ್ಪಳಿಸಿದ್ದು ಎಲ್ಲರಿಗೂ ಕಾಣುತ್ತದೆ. ವಾಪಸು ಬಂದ ಮೇಲೆ ರೊವೀನಾ ಒಂದು ಉಂಡೆಯನ್ನು ಹುಷಾರಾಗಿ ಬಿಡಿಸಿ ತಂದು ಆರ್ವೆಲರ ಅಂಗೈಯಲ್ಲಿಡುತ್ತಾರೆ. ಉಂಡೆ ಹಪ್ಪಳವಾಗಿದೆ. ಅದರ ಮೇಲೆ ಟೈರಿನ ಗೆರೆಗಳು ಅಚ್ಚು ಹೊಡೆದ ಹಾಗೆ ಮೂಡಿವೆ. ಒಂದು ಕಡೆಯಂತೂ ಹಿಟ್ಟೇ ಇಲ್ಲ, ತೂತು.

ಟ್ಯಾಂಕು ತುಂಬಿ, ಹಳ್ಳ ಇಳಿದು, ಗಾಲಿಯ ಸ್ಪ್ರಿಂಗಿನ ಕಮಾನುಪಟ್ಟಿ ಚಪ್ಪಟೆಯಾದಾಗ ಗಾಲಿ ಮೇಲೆದ್ದು ತಟ್ಟೆಯ ಅಂಚನ್ನು ಮುಟ್ಟಿದೆ. ಪ್ರತಿ ಹಳ್ಳದಲ್ಲೂ ಮುಟ್ಟಿದೆ. ಪೈಪು ಕಾಯಲೆಂದು ಹಾಕಿದ ತಟ್ಟೆಯೇ ಟೈರನ್ನು ದಿನಕ್ಕಿಷ್ಟು ಕುಯ್ದಿದೆ.

ಆರ್ವೆಲ್ ಆ ಹಪ್ಪಳವನ್ನು ತಿರುವಿ ಮುರುವಿ ನೋಡುತ್ತಾರೆ. ಜಾಯ್ಲೀನ್, "ಏನಯ್ಯಾ, ಟೈರ್ ಕಂಪನಿಯವನಿಗೆ ಬೈದು ಕಾಗದ ಬರೀಬೇಕು ಅಂತಿದ್ಯಲ್ಲ, ಪೆನ್ನು ತರಲಾ?" ಎನ್ನುತ್ತಾರೆ.

"ಬೇಡ ಬಿಡೇ." ಮುದುಕರ ಕಿವಿ ಕೆಂಪಾಗಿದೆ. ರೊವೀನಾರ ಕಡೆ ತಿರುಗುತ್ತಾರೆ. "ಕತ್ತರಿಸು. ಎಲ್ಲಾ ಕತ್ತರಿಸು."

"ನೀನು ಒಬ್ಬನೇ ಅಲ್ಲ ಮಾರಾಯ" ಎನ್ನುತ್ತಾರೆ ರೊವೀನಾ, ಕೈಯ ಹಿಟ್ಟು ಕೆರೆಯುತ್ತ. "ವರ್ಷಕ್ಕೆ ಇಬ್ಬರು ಮೂವರು ಸಿಗ್ತಾರೆ. ಒಬ್ಬ ರಸ್ತೆ ಬೋರ್ಡು ಕದ್ದು ತಂದು ಹೊಡೆದಿದ್ದ. 'ನಿಧಾನವಾಗಿ ಚಲಿಸಿ' ಅಂತ ಬರೆದಿತ್ತು ಅದರಲ್ಲಿ."

ಆರ್ವೆಲ್ ನಗುತ್ತಾರೆ. ನಕ್ಕದ್ದೇ ತಪ್ಪಾಯಿತು. ಎದ್ದು ಡಬ್ಬದ ಕಡೆ ದಾಪುಗಾಲು ಹಾಕುತ್ತಾರೆ.

ಬುಧವಾರ ಸಂಜೆ, ಗುರುವಾರ ಪೂರ್ತಿ ಕತ್ತರಿಸುವ ಕೆಲಸ. ಗ್ಯಾಸಿನ ಸಿಲಿಂಡರುಗಳನ್ನು ಬಿಚ್ಚಿ ದೂರ ಇಟ್ಟು, ಒದ್ದೆ ಗೋಣಿ ಹೊದಿಸಿ, ಒಂದೊಂದೇ ಬೆಸುಗೆ ಬಿಡಿಸಬೇಕು. ಪೈಪಿನ ದಾರಿಯನ್ನೇ ರೊವೀನಾ ಬದಲಿಸುತ್ತಾರೆ. ಗಾಲಿಯ ಹಿಂದೆ ಕೆಳಗೆ ಜೋಲುತ್ತಿದ್ದುದನ್ನು ಮೇಲಕ್ಕೆತ್ತಿ ಚಾಸಿಯ ಎರಡು ತೊಲೆಗಳ ನಡುವೆ ತೂರಿಸುತ್ತಾರೆ. ಅಂಟಿನಿಂದ ಜೋಡಿಸಿದ ಪೈಪು ಪೆಟ್ಟು ಬಿದ್ದರೆ ಮುರಿಯುವುದೊಂದೇ ದಾರಿ. ಅದಕ್ಕೇ ಜೋಡಿಸುವ ಕಡೆಯೆಲ್ಲ ರಬ್ಬರಿನ ತೋಳು ತೊಡಿಸಿ ಪಟ್ಟಿ ಬಿಗಿಯುತ್ತಾರೆ.

"ಪೆಟ್ಟು ಬೀಳತ್ತೆ ಅಂತ ಒಪ್ಕೋಬೇಕು" ಎಂದು ಕೆಳಗಿನಿಂದಲೇ ಹೇಳುತ್ತಾರೆ. "ಬಿದ್ದಾಗ ಸ್ವಲ್ಪ ಓಲಾಡಲಿ ಅಂತ ಬಿಡಬೇಕು. ಗಟ್ಟಿಯಾಗಿ ನಿಂತ್ಕೋತೀನಿ ಅಂದಿದ್ದು ಮುರಿಯತ್ತೆ."

ಶುಕ್ರವಾರ ಬೆಳಿಗ್ಗೆ ಕೊನೆಯ ತಟ್ಟೆ ಬಿಡಿಸಿದಾಗ ಅದರ ಹಿಂದೆ ಕೂದಲೆಳೆಯ ಹಾಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತದೆ. ಚಾಸಿಯ ತೊಲೆ ಬಿರುಕು ಬಿಟ್ಟಿದೆ. ದಪ್ಪ ತಟ್ಟೆಯನ್ನು ತೆಳ್ಳನೆಯ ತೊಲೆಗೆ ಬೆಸೆದ ಶಾಖಕ್ಕೆ ಎದ್ದ ಬಿರುಕು. ಹಳ್ಳ ಹಳ್ಳಕ್ಕೆ ಬೆಳೆದಿದೆ.

ರೊವೀನಾ ಹೊರಗೆ ಬರುತ್ತಾರೆ. ಕೂತುಕೊಳ್ಳುತ್ತಾರೆ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾರೆ. ಅವರು ತಗಡು ಬೆಸೆಯಬಲ್ಲರು, ತೊಲೆಗೆ ಕೈ ಹಾಕುವುದಿಲ್ಲ. ತೊಲೆ ಬೆಸೆಯುವ ಹುಡುಗರು ನದಿಯಾಚೆ ಇದ್ದಾರೆ, ಈಗ ಕರೆದರೆ ಮುಂದಿನ ವಾರ. ಶನಿವಾರ ನಾಳೆ.

"ನನ್ನ ಕೈಲಿ ಆಗಲ್ಲ ಇದು" ಎನ್ನುತ್ತಾರೆ.

ಜಾಯ್ಲೀನ್ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಪಾತ್ರೆಗಳನ್ನು ಪೆಟ್ಟಿಗೆಗೆ ಹಾಕುವ ಸದ್ದು ಕೇಳುತ್ತದೆ.

"ನನ್ನ ಕೈಲಿ ಆಗತ್ತೆ" ಎನ್ನುತ್ತಾರೆ ಆರ್ವೆಲ್.

"ನಿನ್ನ ಕೈಲಿ ಮಲಗಕ್ಕೇ ಆಗಲ್ಲ, ಆರ್ವೆಲ್. ಹೊಟ್ಟೆ ಹೊಲಿದಿದ್ದು ಇನ್ನೂ ಎಳೀತಿದೆ."

"ನೀನು ಬೆನ್ನಡಿಗೆ ಹಾಕ್ಕೊಳ್ಳೋ ಬೆಲ್ಟಿನ ತುಂಡು ಇದೆಯಲ್ಲ, ಅದನ್ನ ಹಾಸು. ಕರೆ ಬಂದಾಗ ಕಾಲು ಹಿಡಿದು ಹೊರಗೆಳಿ. ಮುಗಿದ ಮೇಲೆ ಮತ್ತೆ ಒಳಗೆ ತಳ್ಳು. ಬಿರುಕಿನ ಎರಡು ತುದಿಗೂ ಮೊದಲು ತೂತು ಕೊರೆದು ಕೊಡು, ಇಲ್ಲಾಂದ್ರೆ ಅದು ಓಡತ್ತೆ. ಮಿಕ್ಕಿದ್ದು ನಂದು. ರೈಲು ಹೋಗಿದೆ ಕಣೇ ನನ್ನ ಬೆಸುಗೆ ಮೇಲೆ."

ರೊವೀನಾ ಎದ್ದು ಡ್ರಿಲ್ಲು ತರುತ್ತಾರೆ.

ಆ ಶುಕ್ರವಾರವನ್ನು ಬಯಲಿನಲ್ಲಿ ಉಳಿದಿದ್ದ ನಾವೆಲ್ಲ ನೋಡಿದೆವು. ಆರ್ವೆಲ್ ಅಂಗಾತ ಮಲಗಿ ಬೆಸುಗೆಯ ಮುಖವಾಡ ಇಳಿಸಿ ಒಂದು ಬೆರಳಿನಷ್ಟು ಬೆಸೆಯುವರು. "ಎಳಿ!" ಎನ್ನುವರು. ರೊವೀನಾ ಎರಡು ಕಾಲು ಹಿಡಿದು ಎಳೆಯುವರು. ಮುದುಕರು ಮುಖವಾಡದಲ್ಲೇ ಡಬ್ಬಕ್ಕೆ ಓಡುವರು. ಬಂದು ಮಲಗುವರು, "ತಳ್ಳು!" ಎನ್ನುವರು. ಮೊದಮೊದಲು ನೋಡುವವರು ನಕ್ಕರು. ಆಮೇಲೆ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ನಾಲ್ಕು ಹಲ್ಲಿನವನು ತನ್ನ ನೆರಳಿನ ಬಟ್ಟೆ ಬಿಚ್ಚಿ ತಂದು ಗಾಡಿಗೆ ಕಟ್ಟಿದ. ಒಳಗೆ ಪಾತ್ರೆಯ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಜಾಯ್ಲೀನ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬೀನ್ಸ್ ಕಾಳಿನ ಸಾರಿನ ಬಟ್ಟಲು. ಸಂಜೆ ಬಿರುಕಿದ್ದ ಜಾಗದಲ್ಲಿ ಮೀನಿನ ಬೆನ್ನಿನ ಹಾಗೆ ಒಂದೇ ಸಮನೆ ಹೊಲಿಗೆ ಬಿದ್ದಿತ್ತು. ರೊವೀನಾ ಅದರ ಮೇಲೆ ಸುತ್ತಿಗೆಯಿಂದ ಹೊಡೆದು, ಕಿವಿಯಿಟ್ಟು ಕೇಳಿ, "ಹೂಂ, ರೈಲೇ ಹೋಗ್ಬೋದು" ಎಂದರು.

ಶನಿವಾರ. ಬೆಳಕು ಹರಿಯುವ ಮೊದಲೇ ರೊವೀನಾ ಕೆಳಗಿದ್ದಾರೆ. ತೆಳುವಾದ ತಗಡನ್ನು ಕಮಾನಿನ ಹಾಗೆ ಬಗ್ಗಿಸಿ, ಅಂಚುಗಳನ್ನು ಮೇಲಕ್ಕೆ ಮಡಚಿ, ಗಾಲಿಯಿಂದ ಎತ್ತರದಲ್ಲಿ ಕೂರಿಸುತ್ತಾರೆ. ಬೋಲ್ಟಿನ ನುಣುಪಾದ ತಲೆ ಟೈರಿನ ಕಡೆಗೆ, ನಟ್ಟು ಮೇಲಕ್ಕೆ. ಹಿಂದುಮುಂದಾದರೆ ಬೋಲ್ಟಿನ ಬಾಲವೇ ಟೈರಿಗೆ ಮೊಳೆ. ಆಮೇಲೆ ಗಾಲಿಯ ಮುಂದೊಂದು, ಹಿಂದೊಂದು ಗಣಿಯ ಬೆಲ್ಟಿನ ಪರದೆ. ಮತ್ತೆ ಹಿಟ್ಟಿನ ಉಂಡೆ, ಮತ್ತೆ ತುಂಬಿದ ಟ್ಯಾಂಕು, ಮತ್ತೆ ಹಳ್ಳ. ಈ ಸಲ ಉಂಡೆಗಳು ಇಟ್ಟ ಹಾಗೇ ದುಂಡಗಿವೆ.

ಪಾರ್ಕರ್ ಊರಿನವನು ಬಂದೇಬಿಡುತ್ತಾನೆ. ಒಳ್ಳೆಯ ಮನುಷ್ಯ, ಟೋಪಿ ತೆಗೆದು ಕೈಯಲ್ಲಿ ಹಿಡಿದು ದೂರ ನಿಲ್ಲುತ್ತಾನೆ. ಜಾಯ್ಲೀನ್ ಅವನ ಕಡೆ ನೋಡುವುದಿಲ್ಲ, ಗಾಡಿಯ ಕಡೆಯೂ ನೋಡುವುದಿಲ್ಲ.

"ಟೈರಿಗೆ ತಾಗಲ್ಲ ಅಂತ ಗೊತ್ತಾಯ್ತು" ಎನ್ನುತ್ತಾರೆ. "ಸಿಡಿದ್ರೆ?"

"ಸಿಡಿಯಲ್ಲ ಅಂತ ದೇವರೂ ಬರ್ಕೊಡಲ್ಲ ಜಾಯ್ಲೀನ್."

"ಅದನ್ನ ಕೇಳಿಲ್ಲ ನಾನು. ಸಿಡಿದ್ರೆ ಏನು?"

ರೊವೀನಾ ಜಾಕು ಕೊಟ್ಟು ಟ್ರೇಲರನ್ನು ಎತ್ತಿ, ಒಂದು ಗಾಲಿ ಬಿಚ್ಚುತ್ತಾರೆ. ತಮ್ಮ ಪಿಕಪ್ಪಿನಿಂದ ಮೂರು ವಾರದ ಹಿಂದೆ ಸಿಡಿದ ಆ ಟೈರಿನ ಪಟ್ಟಿಯನ್ನೇ ಎಳೆದು ತರುತ್ತಾರೆ. ಮಾರುದ್ದ ಇದೆ, ಒಳಗಿನ ತಂತಿಗಳು ಮುಳ್ಳಿನ ಹಾಗೆ ಎದ್ದಿವೆ. ಒಂದು ತುದಿಗೆ ಬಟ್ಟೆ ಸುತ್ತಿ ಜಾಯ್ಲೀನರ ಕೈಗೆ ಕೊಡುತ್ತಾರೆ.

"ಹೊಡಿ."

"ಏನನ್ನ?"

"ಆ ಪರದೆ. ಅದರ ಹಿಂದೆ ಪೈಪಿದೆ. ಮುರಿ ನೋಡೋಣ."

ಜಾಯ್ಲೀನ್ ಮೊದಲು ಒಂದು ಹೊಡೆಯುತ್ತಾರೆ, ನೊಣ ಓಡಿಸುವ ಹಾಗೆ. ಆಮೇಲೆ ಎರಡು ಕೈಯಲ್ಲಿ ಹಿಡಿದು ಇನ್ನೊಂದು. ಮೂರನೆಯದಕ್ಕೆ ಅವರ ಮುಖ ಬದಲಾಗುತ್ತದೆ. ಹೆದ್ದಾರಿಯ ಗಾಳಿ, ಹಾರಿದ ಚಾದರ, ಹಾರ್ನ್ ಹೊಡೆದ ಲಾರಿ, ಎಲ್ಲಕ್ಕೂ ಸೇರಿಸಿ ಬಾರಿಸುತ್ತಾರೆ. ಬೆಲ್ಟು ಧಡಾರೆಂದು ಕುಣಿದು ಸುಮ್ಮನಾಗುತ್ತದೆ. ಕೂದಲು ಬಿಚ್ಚಿಹೋಗುತ್ತದೆ, ಉಸಿರು ಏರುತ್ತದೆ. ಆರ್ವೆಲ್ "ಸಾಕು ಕಣೇ" ಎನ್ನಲು ಹೋಗಿ, ಹತ್ತಿರ ಹೋದರೆ ತಮಗೂ ಬಿದ್ದೀತೆಂದು ನಿಲ್ಲುತ್ತಾರೆ.

ಕೈ ಸೋತ ಮೇಲೆ ಜಾಯ್ಲೀನ್ ಪಟ್ಟಿ ಬಿಸಾಡಿ, ಕಲ್ಲಿನ ಮೇಲೆ ಅಂಗಾತ ಮಲಗುತ್ತಾರೆ. ಆ ಮನೆಯಲ್ಲಿ ಅಷ್ಟು ವರ್ಷ ಬಾಳಿದವರು ಅದರ ಅಡಿ ನೋಡುತ್ತಿರುವುದು ಇದೇ ಮೊದಲು. ಪರದೆಯ ಹಿಂದೆ ಕೈ ತೂರಿಸಿ ಪೈಪನ್ನು ಅಲ್ಲಾಡಿಸುತ್ತಾರೆ. ರಬ್ಬರಿನ ತೋಳನ್ನು ಮುಟ್ಟುತ್ತಾರೆ. ಒದ್ದೆಯಿದೆಯೇ ಎಂದು ಬೆರಳು ನೋಡಿಕೊಳ್ಳುತ್ತಾರೆ.

"ರಸ್ತೆ ಮೇಲೆ ಇದಕ್ಕಿಂತ ಹತ್ತು ಪಾಲು ಜೋರಾಗಿ ಹೊಡೆಯುತ್ತೆ" ಎನ್ನುತ್ತಾರೆ ರೊವೀನಾ. "ಸುಳ್ಳು ಹೇಳಲ್ಲ. ನನ್ನ ಕಣ್ಣಿಗೆ ಇದು ತಡೆಯತ್ತೆ. ಮೊದಲೂ ತಡೆದಿದೆ. ಅದಕ್ಕಿಂತ ಹೆಚ್ಚು ಹೇಳಕ್ಕೆ ನನಗೆ ಗೊತ್ತಿಲ್ಲ."

ಕೆಳಗಿನಿಂದ ಜಾಯ್ಲೀನರ ದನಿ ಬರುತ್ತದೆ.

"ಆರ್ವೆಲ್, ಆ ಟೋಪಿ ಹಿಡ್ಕೊಂಡು ನಿಂತಿರೋರಿಗೆ ಒಂದು ಲೋಟ ಕಾಫಿ ಕೊಟ್ಟು, ಸುಮ್ಮನೆ ಕರೆಸಿಬಿಟ್ವಿ ಅಂತ ಹೇಳು."

ಭಾನುವಾರ ಅವರು ಹೊರಟರು. ಸಿಡಿದ ಒಂದಲ್ಲ, ನಾಲ್ಕೂ ಟೈರು ಬದಲಾಯಿಸದೆ ರೊವೀನಾ ಬಿಡಲಿಲ್ಲ. ಅಂಚು ತಾಗಿದ ಟೈರನ್ನು ನಂಬಬಾರದೆಂದು ಅವರ ವಾದ. ಒಂದೊಂದೇ ಟ್ರೇಲರು ಖಾಲಿಯಾಗಿ, ಏಪ್ರಿಲ್ ನಡುವಿಗೆ ಬಯಲು ಬರಿದಾಯಿತು. ಈಗ ಇಲ್ಲಿ ಉಳಿದವರು ಬೆರಳೆಣಿಕೆ. ಬೇಸಿಗೆಯಲ್ಲಿ ರೊವೀನಾರಿಗೆ ಕೆಲಸ ಕಡಿಮೆ. ಬೆಳಿಗ್ಗೆ ಒಂದೆರಡು ಗಂಟೆ ಹಳೆ ಬೆಲ್ಟು ಕುಯ್ದು ಮುಂದಿನ ಚಳಿಗಾಲಕ್ಕೆ ಪರದೆ ಮಾಡಿಡುತ್ತಾರೆ. ಬಿಸಿಲೇರಿದ ಮೇಲೆ ನೆರಳಿನಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಾರೆ.

ಫೋನು ಬಂದದ್ದು ಹಾಗೆ ತಿಕ್ಕುತ್ತಿರುವಾಗ. ಆರ್ವೆಲರ ಗಂಟಲು ಎದುರಿಗೆ ಕೂತವರಿಗೂ ಕೇಳುವಷ್ಟು ದೊಡ್ಡದು.

"ರೋ! ಸಿಡೀತು ಕಣೇ!"

ರೊವೀನಾರ ಕೈ ಮಂಡಿಯ ಮೇಲೇ ನಿಲ್ಲುತ್ತದೆ. "ಎಲ್ಲಿ?"

"ನೆವಾಡಾದಲ್ಲಿ, ಈಲಿ ದಾಟಿದ ಮೇಲೆ. ರಸ್ತೆ ಮೇಲೆ ಯಾವುದೋ ಲಾರಿಯಿಂದ ಬಿದ್ದ ಕಬ್ಬಿಣದ ತುಂಡು. ಟೈರು ಚಿಂದಿ. ಗಾಲಿ ಪಕ್ಕದ ಬಣ್ಣ ಹೋಗಿದೆ, ತಗಡು ಡೊಂಕಾಗಿದೆ."

"ಯಾವಾಗ ಗೊತ್ತಾಯ್ತು?"

"ಅದೇ ಹೇಳ್ತೀನಿ ಕೇಳು. ಗೊತ್ತೇ ಆಗ್ಲಿಲ್ಲ. ನನಗೆ ಕರೆ ಬಂತು, ನಿಲ್ಲಿಸು ಅಂದೆ, ಜಾಯ್ಲೀನ್ ನಿಲ್ಲಿಸಿದ್ಳು. ಹಿಂದೆ ಹೋದೆ, ಹತ್ತಿದೆ, ಕೂತೆ. ನೀರು ಬಿಟ್ಟೆ. ಕೈ ತೊಳ್ಕೊಂಡೆ. ಇಳಿದು ಬಂದು ಪ್ಯಾಂಟು ಸರಿ ಮಾಡ್ಕೋತಾ ನೋಡ್ತೀನಿ, ಟೈರೇ ಇಲ್ಲ!"

"ವಾಲ್ವು?"

"ಹಾಗೇ ಇದೆ."

"ತೊಟ್ಟಿಕ್ತಿದೆಯಾ?"

"ಒಂದು ಹನಿ ಇಲ್ಲ. ನಿನ್ನ ಪರದೆ ಮೇಲೆ ಬೆಕ್ಕು ಕೆರೆದ ಹಾಗೆ ಗೀರು ಬಿದ್ದಿದೆ ಅಷ್ಟೆ."

ಅತ್ತಕಡೆ ಹಿಂದಿನಿಂದ ಇನ್ಯಾವುದೋ ಹೆಂಗಸಿನ ದನಿ, ವಯಸ್ಸಾದ ದನಿ, ಸಾಲು ಸೊಟ್ಟಗಾಯಿತೆಂದು ಬೈಯುವುದು ಕೇಳುತ್ತದೆ. "ಅಕ್ಕ ಕರೀತಿದಾಳೆ" ಎನ್ನುತ್ತಾರೆ ಆರ್ವೆಲ್. "ಕುರ್ಚಿ ಹಾಕ್ಕೊಂಡು ಕೂತು ಹುಕುಂ ಮಾಡ್ತಾಳೆ, ನೆಡೋದು ನಾನು. ಅರ್ಧ ಆಯ್ತು. ಇಡ್ತೀನಿ." ಇಟ್ಟುಬಿಡುತ್ತಾರೆ.

ರೊವೀನಾ ಫೋನನ್ನು ಮಡಿಲಲ್ಲಿಡುತ್ತಾರೆ. ಆಮೇಲೆ ಎಣ್ಣೆಯ ಬಾಟಲಿ ಎತ್ತಿಕೊಂಡು, ಇನ್ನೊಂದು ಮಂಡಿಗೆ ಶುರು ಮಾಡುತ್ತಾರೆ.

"ಮೊದಲು ಒಳಗೆ ಹೋಗಿ ಕೂತಿದಾನೆ. ಆಮೇಲೆ ಟೈರು ನೋಡಿದಾನೆ" ಎನ್ನುತ್ತಾರೆ. "ಆ ಕ್ರಮ ನನಗೆ ಹಿಡಿಸ್ತು."